ಒಂದು ಇಂಚು ಸಡಿಲ

ಫೆಬ್ರವರಿ 4, ಮಂಗಳವಾರ

ಡಾಕ್ಟರು ಹೇಳಿದರೆಂದು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ನನಗೂ ಪೆನ್ನಿಗೂ ಎಲ್ಲಿಯ ನಂಟು! ಒಂದು ತಿಂಗಳಿಂದ ಎದೆಗೂಡಿನ ಕೆಳಗೆ ಉರಿ, ಕೆಂಡ ನುಂಗಿದ ಹಾಗೆ. ತೋರಿಸಲು ಹೋದರೆ ಆ ಪುಣ್ಯಾತ್ಮರು, "ಏನು ತಿಂತೀರಿ, ಯಾವಾಗ ಉರಿ ಬರುತ್ತೆ, ಎಲ್ಲಾ ಬರೆದಿಡಿ. ಮೂರು ತಿಂಗಳು ಬಿಟ್ಟು ತಂದು ತೋರಿಸಿ" ಎಂದು ಕಳಿಸಿಬಿಟ್ಟರು. ಮಗಳು ತನ್ನ ಹೋದ ವರ್ಷದ ವಿಜ್ಞಾನದ ನೋಟ್‌ಬುಕ್ ಕೊಟ್ಟಳು. ಅರ್ಧ ಖಾಲಿ ಇದೆ. "ಹಿಂದಿನಿಂದ ಬರಿ ಅಮ್ಮಾ, ಮುಂದೆ ಕಪ್ಪೆ ಇದೆ" ಎಂದಳು. ಇದೆ. ಹೊಟ್ಟೆ ಸೀಳಿಸಿಕೊಂಡು ಅಂಗಾತ ಮಲಗಿದೆ. ನನ್ನ ಹೊಟ್ಟೆಯ ಕಥೆಗೆ ತಕ್ಕ ಜೋಡಿ.

ಬೆಳಿಗ್ಗೆ: ಟೀ, ಎರಡು ಬ್ರೆಡ್ಡು. ಮಧ್ಯಾಹ್ನ: ಅನ್ನ, ಸೊಪ್ಪು, ಮೊಟ್ಟೆ. ಸಂಜೆ: ಟೀ. ರಾತ್ರಿ: ಮಧ್ಯಾಹ್ನ ಉಳಿದದ್ದು. ಉರಿ: ಇಲ್ಲ.

ಡಾಕ್ಟರಿಗೆ ತಿಳಿಯಲೆಂದು ಕೆಲಸದ ವಿಷಯವನ್ನೂ ಬರೆದಿಡುತ್ತೇನೆ. ಬಟ್ಟೆ ಫ್ಯಾಕ್ಟರಿ. ಕೆಳಗೆ ಇನ್ನೂರು ಮಿಷನ್ನು, ಮೇಲೆ ಸ್ಯಾಂಪಲ್ ಕೋಣೆ. ಕಂಪನಿಯವರು ಸಾವಿರಾರು ಅಂಗಿಗೆ ಆರ್ಡರ್ ಕೊಡುವ ಮುಂಚೆ ನಾವು ಒಂದೇ ಒಂದನ್ನು ಹೊಲಿದು ಕಳಿಸಬೇಕು. ಅದನ್ನು ಅವರು ಒಪ್ಪಿದರೆ ಕೆಳಗಿನ ಮಿಷನ್ನು ಓಡುತ್ತವೆ. ಹನ್ನೊಂದು ವರ್ಷ ಕೆಳಗೆ ಕೂತು ಬರೀ ಕಾಲರ್ ಹೊಲಿದೆ. ಎರಡು ವರ್ಷದಿಂದ ಮೇಲಿದ್ದೇನೆ. ಐದು ಜನ, ಎರಡು ಫ್ಯಾನು, ಬೆನ್ನಿರುವ ಕುರ್ಚಿ. ಇನ್ನೇನು ಬೇಕು?

ಹೊಲಿದ ಅಂಗಿ ಮೈಮೇಲೆ ಹೇಗೆ ಕೂರುತ್ತದೆಂದು ನೋಡಲು ಒಂದು ಬೊಂಬೆ ಇತ್ತು. ಅದರ ಕಾಲು ಮುರಿದು ಮೂಲೆ ಸೇರಿತು. ನನ್ನ ಅಳತೆ ಸರಿಯಾಗಿ ಮೀಡಿಯಂ, ಎದೆ ಮೂವತ್ತಾರು. ಅಂದಿನಿಂದ ಗುರುವಾರ ಗುರುವಾರ ನಾನೇ ಬೊಂಬೆ. ಈ ಬೊಂಬೆಗೆ ಬಾಯಿ ಇದೆ, ಅಷ್ಟೇ ವ್ಯತ್ಯಾಸ. ಫ್ಯಾಕ್ಟರಿಯಲ್ಲಿ ನನ್ನನ್ನು ಎಲ್ಲರೂ ಕರೆಯುವುದೇ ರೇಡಿಯೋ ಎಂದು.

ಫೆಬ್ರವರಿ 6, ಗುರುವಾರ

ಇವತ್ತು ಟ್ರಯಲ್. ಉದ್ದ ತೋಳಿನ ಅಂಗಿ.

ಡಿಸೆಂಬರಿನಲ್ಲಿ ಹಳೇ ಮಾಸ್ಟರ್ ಕಣ್ಣು ಮಂಜಾಗಿ ಕೆಲಸ ಬಿಟ್ಟ ಮೇಲೆ ಹೊಸ ಸರ್ ಬಂದಿದ್ದಾರೆ. ಹಳೇ ಮಾಸ್ಟರ್ ಸಿಡುಕು ಮೋರೆಯವರು. ಸ್ಯಾಂಪಲ್ ಕೋಣೆಯ ನಡುವೆ ಎಲ್ಲರೆದುರು ನನ್ನನ್ನು ನಿಲ್ಲಿಸಿ, ನಾಲ್ಕು ಮಾರು ದೂರದಿಂದ ಮರದ ಸ್ಕೇಲು ತೋರಿಸಿ, "ತಿರುಗು. ಕೈ ಎತ್ತು. ಕಂಕುಳ ಹತ್ರ ನೀನೇ ಪಿನ್ ಹಾಕು" ಎಂದು ಗದರಿಸುತ್ತಿದ್ದರು. "ಬಟ್ಟೆ ನೋಡೋದು ಕಣ್ಣಲ್ಲಿ, ಅಳೆಯೋದು ಮೇಜಿನ ಮೇಲೆ" ಎಂದು ದಿನಕ್ಕೆ ಹತ್ತು ಸಲ ಕೇಳಿ ನಮಗೆ ಕಿವಿ ತೂತು ಬಿದ್ದಿತ್ತು.

ಹೊಸ ಸರ್ ಹಾಗಲ್ಲ. ನಲವತ್ತರ ಆಸುಪಾಸು, ಇಸ್ತ್ರಿ ಕೆಡದ ಶರ್ಟು, ನಗುಮುಖ. ದೊಡ್ಡ ಫ್ಯಾಕ್ಟರಿಯಲ್ಲಿ ಪಳಗಿದವರು. ಮೇಜಿನ ಮೇಲಿನ ಅಳತೆ ಹಳೇ ಕಾಲದ್ದು ಎಂದು ಅದನ್ನು ನಿಲ್ಲಿಸಿಬಿಟ್ಟರು. ಎಲ್ಲವನ್ನೂ ಮೈಮೇಲೇ, ಕೈಯಾರೆ ನೋಡುತ್ತಾರೆ. ಕನ್ನಡಿಯನ್ನೂ ನಮ್ಮ ಕೋಣೆಯಿಂದ ತೆಗೆಸಿ, ಬಟ್ಟೆಯ ರೋಲು ಇಡುವ ಸಣ್ಣ ಕೋಣೆಗೆ ಹಾಕಿಸಿದ್ದಾರೆ. ಹೊರಗಿನ ಬೆಳಕಿಗೆ ಬಣ್ಣ ಮೋಸ ಮಾಡುತ್ತದಂತೆ, ಬಾಗಿಲು ಹಾಕಿ ಟ್ಯೂಬ್‌ಲೈಟಿನಲ್ಲಿ ನೋಡಬೇಕಂತೆ. ಇರಬಹುದು. ನನಗೇನು ಗೊತ್ತು, ಕಾಲರ್ ಹೊಲಿದವಳು.

ಭುಜದ ಹೊಲಿಗೆಯನ್ನು ಮೂರು ಸಲ ಒತ್ತಿ ನೋಡಿದರು. "ನಿಮಗೆ ಏನು ಹಾಕಿದ್ರೂ ಒಪ್ಪುತ್ತೆ" ಎಂದರು. "ಬೊಂಬೆ ಅಲ್ವಾ ಸರ್, ಒಪ್ಪಲೇಬೇಕು" ಎಂದೆ. ಅವರು ನಕ್ಕರು, ನಾನೂ ನಕ್ಕೆ.

ಊಟ: ಎಂದಿನಂತೆ.

ಫೆಬ್ರವರಿ 12, ಬುಧವಾರ

ಉರಿ: ಸಂಜೆ ಆರರಿಂದ. ತಿಂದದ್ದು ನಿನ್ನೆಯದೇ, ಒಂದು ಅಗುಳೂ ಹೆಚ್ಚಿಲ್ಲ. ಮೊಟ್ಟೆಯದೇ ಕಿತಾಪತಿ. ನಾಳೆಯಿಂದ ಮೊಟ್ಟೆ ಬಂದ್.

ಫೆಬ್ರವರಿ 13, ಗುರುವಾರ

ಸರ್ ಎಷ್ಟು ಒಳ್ಳೆಯವರೆಂದರೆ, ನನ್ನ ಹೊಟ್ಟೆ ಉರಿಯ ವಿಷಯ ಯಾರಿಂದಲೋ ತಿಳಿದು ಒಂದು ಪಟ್ಟಿ ಮಾತ್ರೆ ತಂದುಕೊಟ್ಟರು. "ಮೈ ಕಡೆ ಗಮನ ಇಡು" ಎಂದರು. ಇವತ್ತಿನಿಂದ 'ನೀನು' ಆಗಿದ್ದೇನೆ. ನನಗೂ ಅವರಿಗೂ ಎರಡೋ ಮೂರೋ ವರ್ಷದ ಅಂತರ ಇರಬಹುದು. ಮನೆಯವರ ಹಾಗೆ ಸಲಿಗೆಯಿಂದ ಅಂದಿರಬೇಕು.

ಕಾಲರ್ ಬಿಗಿ ಇದೆಯೇ ಎಂದು ಕುತ್ತಿಗೆಯ ಹಿಂದೆ ಬೆರಳು ತೂರಿಸಿ ನೋಡಿದರು. ಹನ್ನೊಂದು ವರ್ಷ ಕಾಲರ್ ಹೊಲಿದಿದ್ದೇನೆ. ಕಾಲರ್ ಬಿಗಿ ನೋಡಲು ಎರಡು ಬೆರಳು, ಎರಡು ಕ್ಷಣ ಸಾಕು. ಅವರು ಅಲ್ಲೇ ಬೆರಳಿಟ್ಟುಕೊಂಡು ತಮ್ಮ ಹಳೆಯ ಫ್ಯಾಕ್ಟರಿಯ ಕಥೆ ಪೂರ್ತಿ ಹೇಳಿದರು. ಮಾತಿನ ಭರದಲ್ಲಿ ತೆಗೆಯಲು ಮರೆತಿರಬೇಕು. ನಾನೂ ಮಾತಿಗೆ ಕೂತರೆ ಕೈಯಲ್ಲಿ ಕತ್ತರಿ ಹಿಡಿದಿದ್ದೇ ಮರೆಯುತ್ತೇನಲ್ಲ.

ಇದನ್ನು ಡಾಕ್ಟರಿಗೆ ತೋರಿಸುವಾಗ ಬರೀ ಊಟದ ಸಾಲು ತೋರಿಸಿದರೆ ಸಾಕು.

ಫೆಬ್ರವರಿ 19, ಬುಧವಾರ

ಉರಿ: ಸಂಜೆಯಿಂದ, ಜೋರು. ಮೊಟ್ಟೆ ಅಲ್ಲ ಎಂದಾಯಿತು. ಹಾಗಾದರೆ ಟೀ. ಟೀ ಬಿಟ್ಟೆ. ಅಯ್ಯೋ ನನ್ನ ಕರ್ಮವೇ.

ಫೆಬ್ರವರಿ 20, ಗುರುವಾರ

ಟ್ರಯಲ್ ಆಯಿತು. ಪ್ಯಾಂಟು. ಬರೆಯುವಂಥದ್ದೇನಿಲ್ಲ.

ಮಧ್ಯಾಹ್ನ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಬಟನ್ ಅಕ್ಕ ಪೋಣಿಸಿ ಕೊಟ್ಟರು. ಐವತ್ತೈದು ದಾಟಿದ ಹೆಂಗಸು, ಬಾಗಿಲ ಪಕ್ಕ ಕೂತು ದಿನವಿಡೀ ಗುಂಡಿ ಹಚ್ಚುತ್ತಾರೆ, ಅವರ ಕಣ್ಣು ನನಗಿಂತ ಚುರುಕು! ನಾನೂ ಕಣ್ಣು ಪರೀಕ್ಷೆ ಮಾಡಿಸಬೇಕು.

ಫೆಬ್ರವರಿ 23, ಭಾನುವಾರ

ಮಗಳ ಮೇಲೆ ಸುಮ್ಮನೆ ಹರಿಹಾಯ್ದೆ. ಗೆಳತಿಯ ಮನೆಗೆ ಹೊರಟಿದ್ದಳು, ನೀಲಿ ಫ್ರಾಕು ಹಾಕಿಕೊಂಡು. "ಬೆನ್ನು ಅಷ್ಟು ಕಾಣುತ್ತಲ್ಲ, ನಾಚಿಕೆ ಆಗಲ್ವಾ? ಹೋಗಿ ಬದಲಾಯಿಸ್ಕೊಂಡು ಬಾ" ಎಂದು ಕೂಗಿದೆ. ಅವಳು ಪಿಳಿಪಿಳಿ ನೋಡಿ, "ಅಮ್ಮಾ, ಇದನ್ನ ನೀನೇ ಹೊಲಿದಿದ್ದಲ್ವಾ?" ಎಂದಳು.

ಹೌದು. ನಾನೇ ಹೊಲಿದದ್ದು. ಹೊಲಿದ ದಿನ ನಾನೇ ಕಣ್ತುಂಬ ನೋಡಿ ದೃಷ್ಟಿ ತೆಗೆದಿದ್ದೆ.

ನಮ್ಮ ಯಜಮಾನರು ಲಿಫ್ಟ್ ರಿಪೇರಿಯವರು, ಮಾತು ಕಮ್ಮಿ, ಕಿವಿ ಚುರುಕು. "ಏನಾಗಿದೆ ನಿಂಗೆ? ರೇಡಿಯೋದಲ್ಲಿ ಬರೀ ಗೊರಗೊರ ಬರ್ತಿದೆ" ಎಂದರು. ನಗಲಿಲ್ಲ ನಾನು. ಮಗಳು ಹೊರಡುವಾಗ ನನ್ನ ಹೆಗಲು ಮುಟ್ಟಿ, "ಮನೇಲೂ ಯಾಕಮ್ಮಾ ಇಷ್ಟೊಂದು ಪಿನ್ನು?" ಎಂದಳು. ನೋಡಿಕೊಂಡೆ. ಸೆರಗಿಗೆ ನಾಲ್ಕು ಪಿನ್ನು ಚುಚ್ಚಿಕೊಂಡಿದ್ದೆ. ಯಾವಾಗ ಚುಚ್ಚಿಕೊಂಡೆನೋ.

ಉರಿ: ಇಲ್ಲ.

ಫೆಬ್ರವರಿ 27, ಗುರುವಾರ

ಇವತ್ತು ಒಂದು ಉಪಾಯ ಮಾಡಿದೆ. ಸ್ಯಾಂಪಲ್ ಹಾಕಿಕೊಳ್ಳುವ ಮುಂಚೆ ಒಳಗೆ ಯಜಮಾನರ ದಪ್ಪ ಬನಿಯನ್ನು, ಅದರ ಮೇಲೆ ಇನ್ನೊಂದು. ಬೆವರು ಧಾರಾಕಾರ. ಆದರೂ ಪರವಾಗಿಲ್ಲ, ಮೈಗೂ ಅಂಗಿಗೂ ನಡುವೆ ಒಂದು ಗೋಡೆ ಇದ್ದ ಹಾಗಿತ್ತು.

ಸರ್ ಬದಿಯ ಹೊಲಿಗೆ ಹಿಡಿದು ನೋಡಿ, "ಬಿಗಿ ಆಗಿದೆ, ಒಂದು ಇಂಚು ಸಡಿಲಿಸಿ" ಎಂದರು. ಸಡಿಲಿಸಿ ಕಳಿಸಿಯಾಯಿತು.

ಮಾರ್ಚ್ 6, ಗುರುವಾರ

ಸೊಂಟದ ಹತ್ತಿರ ಕೈಯಿಟ್ಟು, "ಏನು, ದಪ್ಪ ಆಗ್ತಿದೀಯಾ?" ಎಂದು ಚಿವುಟಿದರು. ಚಿವುಟಿದರು ಎಂದರೆ, ಬಟ್ಟೆ ಹಿಡಿದು ನೋಡಿದರು. ಬಟ್ಟೆಯ ಜೊತೆ ನಾನೂ ಸಿಕ್ಕಿಕೊಂಡೆ.

"ಸರ್, ಬಟ್ಟೆ ಆ ಕಡೆ ಇದೆ" ಎಂದೆ, ನಗುನಗುತ್ತಾ. ಅವರೂ ನಕ್ಕು, "ನಿನ್ನ ಬಾಯಿಗೆ ಬೀಗ ಹಾಕಬೇಕು ನೋಡು" ಎಂದು ಕೆನ್ನೆ ತಟ್ಟಿದರು. ತಮಾಷೆಗೆ ತಮಾಷೆ. ನಾನು ಗಟ್ಟಿಯಾಗಿ ಹೇಳಿದ್ದರೆ ಕೈ ತೆಗೆಯುತ್ತಿದ್ದರೇನೋ. ನಗುತ್ತಾ ಹೇಳಿದರೆ ಯಾರಿಗೆ ತಿಳಿಯುತ್ತೆ? ತಪ್ಪು ನನ್ನದೇ. ಈ ಬಾಯಿಂದಲೇ ನಾನು ಕೆಡುವುದು.

ಸಂಜೆ ಊಟ ಬೇಡವೆನಿಸಿತು.

ಮಾರ್ಚ್ 10, ಸೋಮವಾರ

ಬಟನ್ ಅಕ್ಕನ ಪಕ್ಕ ಕೂತು ಊಟ ಮಾಡುವಾಗ ಸುಮ್ಮನೆ ಗಾಳಿಗೆ ಬಿಟ್ಟ ಹಾಗೆ ಕೇಳಿದೆ, "ಅಕ್ಕಾ, ಸರ್‌ದು ಕೈ ಸ್ವಲ್ಪ ಜಾಸ್ತಿ ಓಡುತ್ತೆ ಅನ್ಸಲ್ವಾ?"

ಅವರು ತಲೆ ಎತ್ತಲಿಲ್ಲ. "ಡಬ್ಬಿ ಮುಚ್ಚಳ ಕೊಡು" ಎಂದರು. ಕೊಟ್ಟೆ. ಆಮೇಲೆ, "ಇಲ್ಲಿಗೆ ನಾಲ್ಕು ಕಾಸು ದುಡಿಯೋಕೆ ಬಂದಿದೀವಿ ತಾಯಿ. ಮೇಲಿನವರನ್ನ ಎದುರು ಹಾಕ್ಕೊಂಡವರು ಯಾರೂ ಉಳಿದಿಲ್ಲ. ನಾನಂತೂ ಏನೂ ನೋಡಿಲ್ಲ" ಎಂದರು.

ನೋಡಿದಿರಾ ಎಂದು ನಾನು ಕೇಳಿಯೇ ಇರಲಿಲ್ಲ.

ಮಾರ್ಚ್ 12, ಬುಧವಾರ

ಉರಿ. ಬರೀ ಅನ್ನ ತಿಂದದ್ದು. ಇನ್ನು ಬಿಡಲು ಉಳಿದಿರುವುದು ನೀರೊಂದೇ.

ಮಾರ್ಚ್ 18, ಮಂಗಳವಾರ

ನನ್ನ ಮಾನ ಹೋಯಿತು.

ಹೋದ ತಿಂಗಳ 27ರ ಅಂಗಿ ಕಂಪನಿಯಿಂದ ವಾಪಸು ಬಂದಿದೆ, ಕೆಂಪು ಚೀಟಿ ಅಂಟಿಸಿಕೊಂಡು: ಒಂದು ಇಂಚು ಸಡಿಲ. ಆರ್ಡರ್ ಕೈತಪ್ಪುವ ಹಾಗಿದೆ. ದೊಡ್ಡ ಮ್ಯಾನೇಜರ್ ಮೇಲೆ ಬಂದು ಕೂಗಾಡಿದರು. ಸರ್ ಎಲ್ಲರೆದುರು ನನ್ನ ಕಡೆ ತಿರುಗಿ, "ಒಳಗೇನಾದ್ರೂ ಹಾಕ್ಕೊಂಡಿದ್ಯಾ ಅವತ್ತು?" ಎಂದು ಕೇಳಿದರು.

"ಹೌದು ಸರ್."

"ಯಾಕೆ?"

ಐದು ಜನ ನೋಡುತ್ತಿದ್ದರು. ಫ್ಯಾನು ತಿರುಗುತ್ತಿತ್ತು. "ಚಳಿ ಇತ್ತು ಸರ್" ಎಂದೆ.

ಈ ಬಿಸಿಲಿನಲ್ಲಿ! ಯಾರೂ ನಗಲಿಲ್ಲ. ಹದಿಮೂರು ವರ್ಷದಲ್ಲಿ ನನ್ನ ಕೈಯ ಒಂದು ಹೊಲಿಗೆಯೂ ವಾಪಸು ಬಂದಿರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಾರ್ಚ್ 20, ಗುರುವಾರ

ಟ್ರಯಲ್ ಕೆಲಸದಿಂದ ನನ್ನನ್ನು ತೆಗೆದರು. ಕಳಿಸುವ ಮುಂಚೆ ಪ್ರತಿ ಸ್ಯಾಂಪಲ್ಲನ್ನೂ ಮೇಜಿನ ಮೇಲೆ ಹರಡಿ ಅಳೆಯಲೇಬೇಕೆಂದು ಮ್ಯಾನೇಜರ್ ಆರ್ಡರ್ ಮಾಡಿದ್ದಾರೆ. ಆ ಕೆಲಸ ನನಗೆ. ನನ್ನ ಜಾಗಕ್ಕೆ ಗುಬ್ಬಿ. ಕೆಳಗಿನಿಂದ ಬಂದು ಆರು ತಿಂಗಳಾದ ಹುಡುಗಿ, ಇಪ್ಪತ್ತು ತುಂಬಿಲ್ಲ. ಮೈ ನನ್ನದೇ ಅಳತೆ, ದನಿ ಮಾತ್ರ ಗುಬ್ಬಿಯದು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಓದುವ ತಂಗಿ. ಇವಳ ದುಡಿಮೆಯೇ ಆಧಾರ.

ಎಲ್ಲರೂ ನನ್ನನ್ನು ಅಯ್ಯೋ ಪಾಪ ಎಂದು ನೋಡಿದರು. ನನಗೆ ಒಳಗೊಳಗೆ ಪೀಡೆ ತೊಲಗಿತು ಎನಿಸಿತು. ಮನೆಗೆ ಬಂದು ಯಜಮಾನರ ಬನಿಯನ್ನು ಎರಡನ್ನೂ ಒಗೆದು ಒಣಹಾಕಿದೆ.

ಮಾರ್ಚ್ 26, ಬುಧವಾರ

ಮೊಟ್ಟೆ ತಿಂದೆ. ಟೀ ಕುಡಿದೆ, ಎರಡು ಸಲ. ಉರಿ: ಇಲ್ಲ. ಟೀ ಪಾಪ ಏನೂ ಮಾಡಿರಲಿಲ್ಲ.

ಮಗಳ ನೀಲಿ ಫ್ರಾಕಿಗೆ ಇಸ್ತ್ರಿ ಹಾಕಿಕೊಟ್ಟೆ.

ಏಪ್ರಿಲ್ 3, ಗುರುವಾರ

ಗುಬ್ಬಿ ಇವತ್ತು ಸ್ವೆಟರ್ ಹಾಕಿಕೊಂಡು ಬಂದಿತ್ತು! ಹೊರಗೆ ಡಾಂಬರು ಕರಗುತ್ತಿದೆ. "ಏನೇ, ನಿಮ್ಮ ಬೀದಿಯಲ್ಲಿ ಹಿಮ ಬೀಳ್ತಿದ್ಯಾ?" ಎಂದು ಕೇಳಿದೆ. "ಚಳಿ ಅಕ್ಕಾ" ಎಂದಳು. ಎಲ್ಲರನ್ನೂ ನಗಿಸಿದೆ. ಬಹಳ ದಿನದ ಮೇಲೆ ರೇಡಿಯೋ ಹಾಡಿತು ಎಂದರು ನಮ್ಮ ಕೋಣೆಯಲ್ಲಿ ಇಸ್ತ್ರಿ ಮಾಡುವ ಇಸ್ತ್ರಿಯವರು.

ಏಪ್ರಿಲ್ 4, ಶುಕ್ರವಾರ

ಹೇಗೆ ಬರೆಯಲಿ?

ನಿನ್ನೆ ಟ್ರಯಲ್ ಆಗಿ, ಸರ್ ಹೇಳಿದಂತೆ ತಿದ್ದಿ ಹೊಲಿದ ಅಂಗಿ ಬೆಳಿಗ್ಗೆ ನನ್ನ ಮೇಜಿಗೆ ಬಂತು. ಹರಡಿ, ಸುಕ್ಕು ಸವರಿ, ಟೇಪು ಹಿಡಿದೆ. ಕಂಪನಿ ಕಳಿಸಿದ ಅಳತೆಯ ಹಾಳೆಯಲ್ಲಿ ಎದೆ ಮೂವತ್ತೆಂಟು ಎಂದಿದೆ. ಮೈ ಮೂವತ್ತಾರಾದರೆ ಅಂಗಿ ಮೂವತ್ತೆಂಟು, ಉಸಿರಾಡಲು ಜಾಗ ಬೇಕಲ್ಲ. ಟೇಪು ಮೂವತ್ತೊಂಬತ್ತು ಎಂದಿತು. ಮತ್ತೆ ಹಿಡಿದೆ. ಮೂವತ್ತೊಂಬತ್ತು.

ಒಂದು ಇಂಚು ಸಡಿಲ.

ಈ ಇಂಚು ನನಗೆ ಗೊತ್ತು. ಒಂದರ ಮೇಲೊಂದು ಹಾಕಿದ ಎರಡು ಬನಿಯನ್ನಿನ ದಪ್ಪ ಇದು. ಗುಬ್ಬಿಯ ಸ್ವೆಟರಿನ ದಪ್ಪ. ಅವಳು ಸ್ಯಾಂಪಲ್ ಹಾಕಿಕೊಳ್ಳುವಾಗ ಅದನ್ನು ಬಿಚ್ಚಿರಲಿಲ್ಲ. "ಚಳಿ ಅಕ್ಕಾ" ಎಂದಳು. ನನ್ನದೇ ಸುಳ್ಳು, ಅದೇ ಮಾತು. ನಾನು ಅವಳನ್ನು ಎಲ್ಲರೆದುರು ಆಡಿಕೊಂಡು ನಕ್ಕೆ. ನನ್ನ ನಾಲಿಗೆ ಸೇದಿಹೋಗ.

ಆ ಹುಡುಗಿಗೆ ಆ ಕೋಣೆಯಲ್ಲಿ ಏನಾಗುತ್ತಿದೆ ಎಂದು ಯಾರೂ ಹೇಳದೆಯೇ ತಿಳಿಯಿತು. ಅವಳು ನಗುತ್ತಾ ಹೇಳಿದಳೋ ಗಟ್ಟಿಯಾಗಿ ಹೇಳಿದಳೋ, ಅವಳದೇನಾದರೂ ತಪ್ಪಿತ್ತೋ ಎಂಬ ಯೋಚನೆ ಒಂದು ಚೂರೂ ಬರಲಿಲ್ಲ. ಸಿಟ್ಟು ಮಾತ್ರ ಬಂತು. ನನ್ನ ಪಾಲಿಗೆ ಯಾಕೆ ಬಂದಿರಲಿಲ್ಲ ಈ ಸಿಟ್ಟು?

ನೀರಿನ ನಲ್ಲಿಯ ಹತ್ತಿರ ಗೋಡೆಗೆ ಒಂದು ನೋಟಿಸು ಇದೆ. ದಿನಾ ಅದರ ಮುಂದೆ ನೀರು ಕುಡಿಯುತ್ತೇನೆ, ಓದಿದವಳಲ್ಲ. ಇವತ್ತು ಮೇಲಿನ ಕ್ಯಾಂಟೀನ್ ಪಟ್ಟಿ ಸರಿಸಿ ಓದಿದೆ. ಲೈಂಗಿಕ ಕಿರುಕುಳ ಎಂದು ದಪ್ಪಕ್ಷರ. ನಾನು ಅಂದುಕೊಂಡಿದ್ದು ಅದೆಲ್ಲ ಕತ್ತಲಲ್ಲಿ ಬಾಯಿ ಮುಚ್ಚಿ ಎಳೆದುಕೊಂಡು ಹೋಗುವುದು ಎಂದು. ಅಲ್ಲಿ ಬರೆದಿದ್ದೇ ಬೇರೆ. ಇಷ್ಟವಿಲ್ಲದ ಸ್ಪರ್ಶ, ಮಾತು, ನೋಟ, ತಮಾಷೆ. 'ಬೇಡವೆಂದು ಬಾಯಿಬಿಟ್ಟು ಹೇಳಿರದಿದ್ದರೂ' ಎಂದು ಬರೆದಿತ್ತು. ಆ ಸಾಲನ್ನು ನಾಲ್ಕು ಸಲ ಓದಿದೆ. ಲೋಟದಲ್ಲಿ ನೀರು ತುಂಬಿ ಕಾಲ ಮೇಲೆ ಚೆಲ್ಲುತ್ತಿತ್ತು.

ಏಪ್ರಿಲ್ 5, ಶನಿವಾರ

ಸಂಜೆ ಗುಬ್ಬಿಯ ಜೊತೆ ಬಸ್ ನಿಲ್ದಾಣದವರೆಗೆ ನಡೆದೆ. ಏನು ಕೇಳಬೇಕೆಂದು ತೋಚದೆ, "ನಾನು ಎರಡು ಬನಿಯನ್ ಹಾಕ್ಕೊಳ್ತಿದ್ದೆ ಕಣೇ" ಎಂದೆ. ಅಷ್ಟೇ. ಆ ಹುಡುಗಿ ನಡುಬೀದಿಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಹೇಳಿದಳು: "ಒಳಗಿಂದ ನೀವು ಯಾವಾಗಲೂ ನಗ್ತಾ ಹೊರಗೆ ಬರ್ತಿದ್ರಿ ಅಕ್ಕಾ. ಅದಕ್ಕೆ ಈ ಕೆಲಸ ಇರೋದೇ ಹೀಗೆ, ನಂಗೇ ತಡ್ಕೊಳ್ಳೋಕೆ ಬರಲ್ಲ ಅಂದ್ಕೊಂಡೆ."

ಚಪ್ಪಲಿಯಲ್ಲಿ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಏಪ್ರಿಲ್ 6, ಭಾನುವಾರ

ಯಜಮಾನರಿಗೆ ಹೇಳಿದೆ. ಅವರು ಮಿಕ್ಸಿ ಬಿಚ್ಚಿಟ್ಟುಕೊಂಡು ಕೂತಿದ್ದರು. ಸ್ಕ್ರೂ ಡ್ರೈವರ್ ಹಿಡಿದ ಕೈ ಹಾಗೇ ನಿಂತಿತು. ಅದನ್ನು ಕೆಳಗಿಟ್ಟು, "ಆ ನನ್ಮಗನ ಕೈ ಮುರೀತೀನಿ" ಎಂದು ಎದ್ದರು.

"ಮುರಿದು ನೀವು ಜೈಲಿಗೆ ಹೋಗಿ. ಅವನು ಪ್ಲಾಸ್ಟರ್ ಹಾಕ್ಕೊಂಡು ಪಾಪ ಅನ್ನಿಸ್ಕೊಳ್ಳಲಿ. ಕೂತ್ಕೊಳ್ಳಿ" ಎಂದೆ. ಕೂತರು. ಕಣ್ಣಲ್ಲಿ ನೀರಿತ್ತು. "ನಂಗೆ ಯಾಕೆ ಹೇಳಲಿಲ್ಲ?"

"ನಂಗೇ ಗೊತ್ತಿರಲಿಲ್ಲ ಕಣ್ರೀ. ನಿಮಗೆ ಏನಂತ ಹೇಳ್ಲಿ?"

ಸ್ಯಾಂಪಲ್ ಕೋಣೆ ಕೈಬಿಟ್ಟುಹೋಗಬಹುದು, ಕೆಲಸವೇ ಹೋಗಬಹುದು ಎಂದೆ. "ಹೋದ್ರೆ ಹೋಗ್ಲಿ" ಎಂದರು. ಹೋದರೆ ಹೋಗಲಿ ಎಂದುಕೊಳ್ಳಲು ನನಗೆ ಆಗುವುದಿಲ್ಲ. ಹನ್ನೊಂದು ವರ್ಷ ಕಾಲರ್ ಹೊಲಿದು ಹತ್ತಿದ ಮೆಟ್ಟಿಲು ಅದು. ನಾನು ಯಾಕೆ ಇಳಿಯಬೇಕು?

ಏಪ್ರಿಲ್ 8, ಮಂಗಳವಾರ

ಗುಬ್ಬಿಯನ್ನು ಕರೆದುಕೊಂಡು ಆಫೀಸಿನ ಮೇಡಂ ಹತ್ತಿರ ಹೋದೆ. ದೂರು ಸಮಿತಿಗೆ ಅವರೇ ಮುಖ್ಯಸ್ಥೆ. ಬಾಗಿಲು ಹಾಕಿ, ನೀರು ಕೊಟ್ಟು, ನಡುವೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿದರು. "ಯಾವ ಯಾವ ದಿನ ಅಂತ ನೆನಪಿದ್ಯಾ?" ಎಂದರು. ನನ್ನ ಹತ್ತಿರ ಒಂದು ಹೊಟ್ಟೆಯ ಪುಸ್ತಕ ಇದೆ ಎಂದೆ.

ಮನೆಗೆ ಬಂದು ದಿನಾಂಕ ಎತ್ತಿ ಬರೆಯಲು ಕೂತೆ. ಉರಿ, ಬುಧವಾರ. ಉರಿ, ಬುಧವಾರ. ಉರಿ, ಬುಧವಾರ. ಟ್ರಯಲ್ಲಿನ ಹಿಂದಿನ ಸಂಜೆ, ಪ್ರತಿ ಸಲ. ಟ್ರಯಲ್ ನಿಂತ ಮೇಲೆ ಒಂದೂ ಇಲ್ಲ. ನಾನು ಮೊಟ್ಟೆಯನ್ನು ಬೈದೆ, ಟೀಯನ್ನು ಬೈದೆ, ನನ್ನ ಬಾಯಿಯನ್ನು ಬೈದುಕೊಂಡೆ. ನನಗಿಂತ ಮೊದಲು ನನ್ನ ಹೊಟ್ಟೆಗೆ ಗೊತ್ತಿತ್ತು.

ಏಪ್ರಿಲ್ 9, ಬುಧವಾರ

ಸುದ್ದಿ ಹರಡಿದೆ. ಇಸ್ತ್ರಿಯವರು ಮುಖ ಕೊಟ್ಟು ಮಾತಾಡುತ್ತಿಲ್ಲ. "ಟ್ರಯಲ್‌ನಿಂದ ತೆಗೆದ್ರಲ್ಲ, ಅದರ ಹೊಟ್ಟೆಕಿಚ್ಚು" ಎಂದು ಮೆಟ್ಟಿಲ ಮೇಲೆ ಯಾರೋ ಅಂದದ್ದು ಕೇಳಿಸಿತು. ಸರ್ ಮಾತ್ರ ಎಂದಿನಂತೆ ನಗುತ್ತಾ, "ಹೊಟ್ಟೆ ಹೇಗಿದೆಯಮ್ಮಾ?" ಎಂದು ಕೇಳಿದರು. ಎಲ್ಲರಿಗೂ ಕೇಳುವ ಹಾಗೆ.

ಬಟನ್ ಅಕ್ಕ ತಲೆ ಎತ್ತಲಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಬಾಡಿಗೆ ಮನೆ, ಒಬ್ಬಳೇ ಜೀವ.

ಉರಿ: ಇದೆ. ಇರಲಿ.

ಏಪ್ರಿಲ್ 17, ಗುರುವಾರ

ವಿಚಾರಣೆ. ಉದ್ದ ಮೇಜು. ಮೇಡಂ, ಹೊರಗಿನಿಂದ ಬಂದ ಒಬ್ಬರು ವಕೀಲೆ, ಸ್ಟೋರಿನ ಹಿರಿಯರು. ನಮ್ಮಿಬ್ಬರ ಮಾತು ಅವರು ಮೊದಲೇ ಬೇರೆ ಬೇರೆ ಕೇಳಿ ಬರೆದುಕೊಂಡಿದ್ದರು. ಗುಬ್ಬಿಗೆ ಸರ್ ಎದುರು ಕೂರುವ ಶಕ್ತಿ ಇರಲಿಲ್ಲ. "ಇಬ್ಬರ ಪರವಾಗಿ ನಾನೇ ಕೂರ್ತೀನಿ" ಎಂದೆ.

ಸರ್ ತಣ್ಣಗೆ ಹೇಳಿದರು: "ಮುಟ್ಟದೆ ಫಿಟ್ಟಿಂಗ್ ನೋಡೋಕಾಗುತ್ತಾ ಮೇಡಂ? ಇದು ಕೆಲಸ. ಇವರ ತಪ್ಪಿಂದ ಸ್ಯಾಂಪಲ್ ವಾಪಸ್ ಬಂತು, ನಾನು ತೆಗೆದೆ. ಆ ಸಿಟ್ಟಿಗೆ ಆ ಹುಡುಗೀನೂ ಎತ್ತಿಕಟ್ಟಿದಾರೆ."

ವಕೀಲೆ ನನ್ನ ಕಡೆ ನೋಡಿದರು. ರೇಡಿಯೋ ಇಷ್ಟು ವರ್ಷ ಬೇಡದ್ದೆಲ್ಲ ಒದರಿ, ಬೇಕಾದಾಗ ಕೈಕೊಡುವ ಹಾಗಿತ್ತು. ಬಾಯಿಂದ ಆಗದಿದ್ದರೆ ಕೈಯಿಂದ ಎಂದು ಎದ್ದು, ತಂದಿದ್ದ ಎರಡು ಅಂಗಿಗಳನ್ನು ಅವರ ಮೇಜಿನ ಮೇಲೆ ಹರಡಿದೆ. ಒಂದು ಕೆಂಪು ಚೀಟಿಯದು, ಇನ್ನೊಂದು ಗುಬ್ಬಿ ಹಾಕಿಕೊಂಡಿದ್ದದ್ದು. ಪಕ್ಕದಲ್ಲಿ ಅಳತೆಯ ಹಾಳೆ ಇಟ್ಟೆ. ಟೇಪು ಕೈಗೆ ಬಂದದ್ದೇ ತಡ, ಮಾತೂ ಬಂತು.

"ಹಾಳೆಯಲ್ಲಿ ಹದಿನಾಲ್ಕು ಅಳತೆ ಇದೆ. ಹದಿನಾಲ್ಕೂ ಹೀಗೆ ಮೇಜಿನ ಮೇಲೆ ತೆಗೀಬಹುದು. ಎರಡು ವರ್ಷ ಹಳೇ ಮಾಸ್ಟರ್ ನನ್ನ ಮೈ ಮುಟ್ಟದೆ ನೂರು ಸ್ಯಾಂಪಲ್ ಕಳಿಸಿದ್ರು. ಒಂದೂ ವಾಪಸ್ ಬಂದಿಲ್ಲ. ಇವರ ಕೈ ಹೋದ ಜಾಗ ಈ ಹಾಳೆಯಲ್ಲಿ ಎಲ್ಲಿದೆ ತೋರಿಸ್ಲಿ" ಎಂದೆ.

ಆಮೇಲೆ ಎರಡೂ ಅಂಗಿಗೆ ಟೇಪು ಹಿಡಿದು ಅವರಿಂದಲೇ ಓದಿಸಿದೆ. ಮೂವತ್ತೊಂಬತ್ತು. ಮೂವತ್ತೊಂಬತ್ತು.

"ಬೇರೆ ಅಂಗಿ, ಬೇರೆ ತಿಂಗಳು, ಬೇರೆ ಹೆಂಗಸು. ಯಾಕೆ ಹಾಕ್ಕೊಂಡೆ ಅಂತ ನಾನೂ ಅವಳಿಗೆ ಹೇಳಿರಲಿಲ್ಲ, ಅವಳೂ ನಂಗೆ ಹೇಳಿರಲಿಲ್ಲ. ಈ ಸುಡು ಬಿಸಿಲಲ್ಲಿ ಇಬ್ಬರಿಗೂ ಆ ಕೋಣೆಯಲ್ಲೇ ಯಾಕೆ ಚಳಿ ಆಯ್ತು ಅಂತ ಇವರನ್ನ ಕೇಳಿ."

ಸ್ಟೋರಿನ ಹಿರಿಯರು ಟೇಪನ್ನು ಇನ್ನೊಮ್ಮೆ ನೋಡಿದರು. ಸರ್ ಮೊದಲ ಸಲ ನಗಲಿಲ್ಲ.

ಆಗ ಬಾಗಿಲು ತಟ್ಟಿದರು. ಬಟನ್ ಅಕ್ಕ. ಯಾರೂ ಕರೆದಿರಲಿಲ್ಲ. ಸೀರೆಯ ತುಂಬ ದಾರದ ಚೂರು. ನಿಂತಲ್ಲಿಂದಲೇ, "ನಾನು ಆ ಬಾಗಿಲ ಪಕ್ಕ ಕೂರೋಳು. ಇವಳು ನಗ್ತಾ ಹೊರಗೆ ಬರೋಳು. ಬಂದು ಕೂತ್ರೆ ಸೂಜಿಗೆ ದಾರ ಪೋಣಿಸೋಕೆ ಆಗ್ತಿರಲಿಲ್ಲ, ಕೈ ಅಷ್ಟು ನಡುಗೋದು. ಪ್ರತಿ ಗುರುವಾರ ನಾನೇ ಪೋಣಿಸಿ ಕೊಡ್ತಿದ್ದೆ. ಈಗ ಆ ಮಗೂಗೂ ನಾನೇ ಪೋಣಿಸಿ ಕೊಡ್ತಿದೀನಿ" ಎಂದರು. ಆಮೇಲೆ ನನ್ನ ಕಡೆ ನೋಡಿ, "ನೋಡಿಲ್ಲ ಅಂದಿದ್ದೆ. ನೋಡಿದ್ದೆ" ಎಂದರು.

ಅಲ್ಲಿ ಅಳಬಾರದೆಂದಿದ್ದೆ. ಅತ್ತೆ.

ಏಪ್ರಿಲ್ 24, ಗುರುವಾರ

ಸಮಿತಿಯ ತೀರ್ಮಾನ ಇನ್ನೂ ಬರಬೇಕು. ಅಲ್ಲಿಯವರೆಗೆ ಸರ್ ಫ್ಯಾಕ್ಟರಿಗೆ ಬರುವ ಹಾಗಿಲ್ಲ. ಇಸ್ತ್ರಿಯವರು ಇನ್ನೂ ಮಾತಾಡುತ್ತಿಲ್ಲ, ಕೆಳಗಿನ ಇಬ್ಬರು ಹುಡುಗಿಯರು ಮಾತ್ರ ನಲ್ಲಿಯ ಹತ್ತಿರ ನಿಂತು ಆ ನೋಟಿಸು ಓದುತ್ತಿದ್ದರು. ನಾನು ಸುಮ್ಮನೆ ಲೋಟ ತೊಳೆದುಕೊಂಡು ಬಂದೆ.

ಕನ್ನಡಿ ಸ್ಯಾಂಪಲ್ ಕೋಣೆಗೆ ವಾಪಸು ಬಂತು. ಟ್ರಯಲ್ ನೋಡುವ ಕೆಲಸ ಸದ್ಯಕ್ಕೆ ನನಗೆ ಎಂದರು ಮ್ಯಾನೇಜರ್. ನಾಲ್ಕು ಮಾರು ದೂರ ನಿಂತು, ಹಳೇ ಮಾಸ್ಟರ್ ಸ್ಕೇಲು ಹುಡುಕಿ ತೆಗೆದು, "ತಿರುಗು. ಕೈ ಎತ್ತು. ಕಂಕುಳ ಹತ್ರ ನೀನೇ ಪಿನ್ ಹಾಕು" ಎಂದು ಗದರಿಸಿದೆ. ಗುಬ್ಬಿ ಕಿಸಕ್ಕನೆ ನಕ್ಕಳು. "ನಗಬೇಡ, ಅಂಗಿ ಅಲ್ಲಾಡುತ್ತೆ" ಎಂದೆ. "ಶುರುವಾಯ್ತಪ್ಪ ರೇಡಿಯೋ" ಎಂದರು ಬಟನ್ ಅಕ್ಕ, ಗುಂಡಿಯಿಂದ ತಲೆ ಎತ್ತಿ.

ಸ್ವೆಟರು ಅವಳ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಅಂಗಿಯನ್ನು ಮೇಜಿನ ಮೇಲೆ ಹರಡಿ ಟೇಪು ಹಿಡಿದೆ. ಮೂವತ್ತೆಂಟು. ನಂಬಿಕೆ ಸಾಲದೆ ಇನ್ನೊಮ್ಮೆ ಹಿಡಿದೆ. ಮೂವತ್ತೆಂಟು.

ಬೆಳಿಗ್ಗೆ: ಟೀ, ಬ್ರೆಡ್ಡು. ಮಧ್ಯಾಹ್ನ: ಅನ್ನ, ಸೊಪ್ಪು, ಮೊಟ್ಟೆ ಎರಡು, ಒಂದು ಗುಬ್ಬಿಯ ಡಬ್ಬಿಯದು. ಸಂಜೆ: ಟೀ. ಉರಿ: ಇಲ್ಲ.

ನಿನ್ನೆ ಏನೂ ಬರೆದಿಲ್ಲವಲ್ಲ ಎಂದು ಹಿಂದಿನ ಪುಟ ತಿರುಗಿಸಿ ನೋಡಿದೆ. ನಿನ್ನೆ ಬುಧವಾರವಿತ್ತು ಎಂಬುದು ಈಗ ನೆನಪಾಯಿತು.